ಮಲೆನಾಡಿನ ಮನೆಗೆ ವಿಡಿಯೋ ಡೋರ್‌ಬೆಲ್: ಬ್ಯಾಟರಿಯದ್ದೋ, ವೈರಿನದ್ದೋ?

ಕೋಣಂದೂರು: ಊರಮನೆಯಲ್ಲಿ ಅಪ್ಪ-ಅಮ್ಮ ಇಬ್ಬರೇ, ನಾನು ಬೆಂಗಳೂರಲ್ಲಿ. ಬಾಗಿಲಿಗೆ ಬಂದವರು ಯಾರು ಅಂತ ಫೋನಲ್ಲಿ ಕಾಣಬೇಕು. ಬಳಸಿದವರು ಹೇಳಿ.

ಸಾಗರ: ವೈರಿನದ್ದು ಮಾತ್ರ ಬೇಡ. ನಮ್ಮದು ಅದೇ. ಬೆಲ್ಲಿಗೆ 7,000. ಹಳೇ ಬೆಲ್ ಲೈನ್ 230 ವೋಲ್ಟು, ಇದಕ್ಕೆ ಬೇಕಾದ್ದು 16ರಿಂದ 24. ವೋಲ್ಟ್ ಇಳಿಸೋ ಟ್ರಾನ್ಸ್‌ಫಾರ್ಮರ್ 1,100, ಎಲೆಕ್ಟ್ರಿಷಿಯನ್ 800, ಕೊರೆದ ಗೋಡೆಗೆ ಗಾರೆ ಮೆತ್ತಿದವನಿಗೆ 600, ಬಣ್ಣದ ಖರ್ಚು ಬೇರೆ. ಮೇ ತಿಂಗಳ ಅಡ್ಡಮಳೆಯಲ್ಲಿ ಸಿಡಿಲು ಹೊಡೆದದ್ದು ಗದ್ದೆಯಂಚಿನ ತೆಂಗಿನಮರಕ್ಕೆ. ಹೋದದ್ದು ನಮ್ಮ ಬೆಲ್ಲು, ಟ್ರಾನ್ಸ್‌ಫಾರ್ಮರು, ರೂಟರು. ಬೆಲ್ ಬಿಚ್ಚಿದರೆ ಸ್ಕ್ರೂ ಸುತ್ತ ಮಸಿ. ಸಿಡಿಲಿಗೆ ವಾರಂಟಿ ಇಲ್ಲ ಅಂದುಬಿಟ್ಟರು.

ಶಿವಮೊಗ್ಗ ವಿನೋಬನಗರ: ಅರ್ಥಿಂಗ್ ಸರಿ ಮಾಡಿಸದೆ ಬೆಲ್ಲನ್ನು ಬೈದರೆ ಹೇಗೆ? ನಮ್ಮದೂ ವೈರಿನದ್ದೇ. ಮೇನ್ ಬೋರ್ಡಲ್ಲಿ ವೋಲ್ಟೇಜ್ ದಿಢೀರ್ ಏರಿದರೆ ತಡೆಯೋ ಸರ್ಜ್ ಪ್ರೊಟೆಕ್ಟರ್ ಇದೆ, ಬೆಲ್ಲು ರೂಟರು ಎರಡೂ ಇನ್ವರ್ಟರ್ ಲೈನಲ್ಲಿವೆ. ಕರೆಂಟು ಹೋದದ್ದೇ ಗೊತ್ತಾಗಲ್ಲ.

ಸಾಗರ: ಪೇಟೆಯಲ್ಲಿ ಕೂತು ಅರ್ಥಿಂಗ್ ಪಾಠ ಹೇಳಬೇಡಿ. ನಮ್ಮದು ಜಂಬಿಟ್ಟಿಗೆ ನೆಲ, ಗುಂಡಿಗೆ ಎಷ್ಟು ಕೊಡ ನೀರು ಸುರಿದರೂ ಬೇಸಿಗೆಯಲ್ಲಿ ತೇವ ನಿಲ್ಲಲ್ಲ. ಬಂದು ನೋಡಿ, ಆಮೇಲೆ ಮಾತಾಡಿ.

ತೀರ್ಥಹಳ್ಳಿ: ಬ್ಯಾಟರಿಯದ್ದು ತಗೊಂಡೆ, ಸರಿಯಾಗೇ ಆರಿಸಿದೆ ಅಂತ ಈಗಲೂ ಹೇಳ್ತೀನಿ. ಮಳೆಗಾಲ ಮಾತ್ರ ಗೋಳು. ಜಗಲಿಗೆ ಮಳೆ ಎರಚಲು ತಡೆಯೋಕೆ ಸೋಗೆ ಜಡಿ (ತಟ್ಟಿ) ಕಟ್ಟಿದ ಮೇಲೆ ಅದು ಗಾಳಿಗೆ ಅಲ್ಲಾಡಿದಾಗಲೆಲ್ಲ ‘ಯಾರೋ ಬಂದಿದ್ದಾರೆ’ ಅಂತ ಫೋನು. ಪ್ರತಿ ಸಲವೂ ಕ್ಯಾಮೆರಾ ಎಚ್ಚರಾಗಿ ರೆಕಾರ್ಡ್ ಮಾಡುತ್ತೆ. ಆರು ತಿಂಗಳು ಬರುತ್ತೆ ಅಂತ ಡಬ್ಬಿ ಮೇಲಿದ್ದ ಬ್ಯಾಟರಿ ಸಂಕಷ್ಟಿಯಿಂದ ಸಂಕಷ್ಟಿಗೂ ಬರಲಿಲ್ಲ. ಆ್ಯಪಲ್ಲಿ ಜಡಿ ಇರೋ ಭಾಗವನ್ನೇ ಕ್ಯಾಮೆರಾ ಗಮನಿಸದಂತೆ ಹೊರಗಿಟ್ಟ ಮೇಲೆ ಬ್ಯಾಟರಿ ಬಾಳುತ್ತಿದೆ. ರಾತ್ರಿ ಲೆನ್ಸ್ ಮುಂದೆ ಜೇಡ ಬಲೆ ಕಟ್ಟಿತೋ, ಇನ್‌ಫ್ರಾರೆಡ್ ಬೆಳಕೆಲ್ಲ ಅದಕ್ಕೇ ಬಡಿದು ಚಿತ್ರ ಬೆಳ್ಳಗೆ. ದಿನಾ ಸಂಜೆ ಒರೆಸಬೇಕು. ಬೆಲ್ಲಿನ ಐಪಿ65 ರೇಟಿಂಗ್ ಅಂದರೆ ರಾಚೋ ನೀರಿಗೆ ತಡೆ, ನಮ್ಮ ಆಷಾಢದ ತೇವಕ್ಕಲ್ಲ. ರಬ್ಬರ್ ಮುಚ್ಚಳದ ಒಳಗೆ ಚಾರ್ಜಿಂಗ್ ಪಿನ್ನಿಗೆ ಹಸಿರು ಕಿಲುಬು ಹಿಡಿದಿತ್ತು.

ಹೊಸನಗರ: ಮೊದಲು ವೈಫೈ ನೋಡಿ ಮಾರಾಯ್ರೇ. ಒಂದೂವರೆ ಅಡಿ ದಪ್ಪದ ಗೋಡೆ, ರೂಟರ್ ನಡುಮನೆಯಲ್ಲಿ. 5 ಗಿಗಾಹರ್ಟ್ಸ್ ವೈಫೈ ಬಾಗಿಲು ದಾಟಲೇ ಇಲ್ಲ, 2.4ರಲ್ಲಿ ಸಿಗ್ನಲ್ ಒಂದೇ ಗೀಟು. ಮನೆತುಂಬ ಸಿಗ್ನಲ್ ಹರಡೋ ಮೆಶ್ ವೈಫೈಗೆ ಮತ್ತೆ 4,500 ಸುರಿದೆ. ಅದಾದ ಮೇಲೆ ವಿಡಿಯೋನ ಆನ್‌ಲೈನಲ್ಲಿ ಇಡೋ ಕ್ಲೌಡಿಗೂ ತಿಂಗಳು ತಿಂಗಳು ದುಡ್ಡು ಕಟ್ಟಬೇಕಾ? ಮೆಮೊರಿ ಕಾರ್ಡ್ ಇರೋದನ್ನೇ ತಗೊಳ್ಳಿ.

ವಿನೋಬನಗರ: ಕಳ್ಳ ಬೆಲ್ಲನ್ನೇ ಕಿತ್ತುಕೊಂಡು ಹೋದರೆ ನಿಮ್ಮ ಕಾರ್ಡೂ ಅವನ ಜೇಬಿಗೇ.

ಹೊಸನಗರ: ಕಾರ್ಡ್ ಇರೋದು ಮನೆಯೊಳಗೆ ಸದ್ದು ಮಾಡೋ ಚೈಮ್ ಡಬ್ಬಿಯಲ್ಲಿ. ಮರ ಬಿದ್ದು ಫೈಬರ್ ತುಂಡಾದ ದಿನ ನಿಮ್ಮ ಕ್ಲೌಡಿಗೆ ಏನು ಹೋಗುತ್ತೆ? ಅಂಗಳದಲ್ಲಿ ಅಡಿಕೆ ಹರಗಿರೋವಾಗಲೇ ನೆಟ್ ಇರಲ್ಲ.

ರಿಪ್ಪನ್‌ಪೇಟೆ: ಇಷ್ಟು ದುಡ್ಡಿಗೆ ಎರಡು ನಾಯಿ ಸಾಕಬಹುದು.

ತೀರ್ಥಹಳ್ಳಿ: ನಮ್ಮ ನಾಯಿಯನ್ನು ಚಿರತೆ ಜಗಲಿಯಿಂದಲೇ ಎತ್ತಿಕೊಂಡು ಹೋಯ್ತು. ಬೆಲ್ ಹಾಕಿಸಿದ್ದೇ ಅದಾದ ಮೇಲೆ. ನಾಯಿ ಮಾತು ಇಲ್ಲಿ ಬೇಡ.

ರಿಪ್ಪನ್‌ಪೇಟೆ: ರಾತ್ರಿ ಗೂಡಿಗೆ ಹಾಕಬೇಕಿತ್ತು.

ತೀರ್ಥಹಳ್ಳಿ: ಗೂಡಲ್ಲಿರೋ ನಾಯಿ ಮನೆ ಕಾಯುತ್ತಾ? ಸಾಕಿದವರ ಸಂಕಟ ನಿಮಗೇನು ಗೊತ್ತು!

ಕೋಣಂದೂರು: ನಮ್ಮಲ್ಲೂ ಜಡಿ ಕಟ್ತಾರೆ. ಬೆಲ್ಲನ್ನು ಉಣಗೋಲಿನ (ಅಂಗಳಕ್ಕೆ ಬರೋ ದಾರಿಯ ಗೇಟು) ಕಂಬಕ್ಕೆ ಹಾಕಿದರೆ ಆಗಲ್ವಾ?

ಹೊಸನಗರ: ಅಲ್ಲಿಗೆ ಸಿಗ್ನಲ್ ಬರುತ್ತಾ? ಊರಿಗೆ ಹೋದಾಗ ಬಾಗಿಲು ಹಾಕಿ, ಕಂಬದ ಹತ್ತಿರ ನಿಂತು ಮನೆ ವೈಫೈಯಲ್ಲೇ ವಿಡಿಯೋ ಕಾಲ್ ಮಾಡಿ ನೋಡಿ. ತಡವರಿಸಿದರೆ ಬೆಲ್ ತಗೊಳ್ಳಲೇಬೇಡಿ.

ಸಾಗರ: ಕಂಬಕ್ಕೆ ವೈರ್ ಎಳೆಸಿ ಅಂತ ವಿನೋಬನಗರದವರು ಹೇಳ್ತಾರೆ, ಕೇಳಬೇಡಿ.