ಬ್ರಿಟನ್ನಿನ ಕಲ್ಲುಸಾಲುಗಳೆಲ್ಲ ಒಂದೇ ಥರದವಾ?

ದಾರಿಹೋಕ:
ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನ ಮೆರಿವೇಲ್‌ಗೆ, ಅಲ್ಲಿನ ಇತಿಹಾಸಪೂರ್ವ ಕಾಲದ ಕಲ್ಲುಸಾಲು ನೋಡಲು ಹೋಗಿದ್ದೆ. ಸ್ಟೋನ್‌ಹೆಂಜ್ ನೋಡಿ ಬಂದ ಕಣ್ಣಿಗೆ ಮೊದಲು ನಗುವೇ ಬಂತು, ಯಾಕಂದರೆ ಇಲ್ಲಿ ಹೆಚ್ಚಿನ ಕಲ್ಲುಗಳು ಮೊಣಕಾಲಿನಷ್ಟೂ ಎತ್ತರ ಇಲ್ಲ. ಆದರೆ ಸಾಲು ಮಾತ್ರ ಇನ್ನೂರೈವತ್ತು ಮೀಟರಿಗಿಂತ ಉದ್ದ. ಜೋಡಿ ಸಾಲು, ನಡುವೆ ಒಂದು ಮೀಟರ್ ಜಾಗ ಅಷ್ಟೇ. ಇದನ್ನು ಮೆರವಣಿಗೆ ದಾರಿ ಅಂತಾರೆ. ಇಷ್ಟು ಇಕ್ಕಟ್ಟಿನಲ್ಲಿ ಎಂಥ ಮೆರವಣಿಗೆ? ಬೇರೆ ಕಡೆಯೂ ಹೀಗೇನಾ?

ಹಳೇಕಲ್ಲು:
ಇಲ್ಲ. ಮೆರವಣಿಗೆ ಮಾತು ಇಂಗ್ಲೆಂಡಿನದೇ ಇನ್ನೊಂದು ಜಾಗ ಏವ್‌ಬರಿಗೆ ಒಪ್ಪುತ್ತದೆ. ಅಲ್ಲಿನ ವೆಸ್ಟ್ ಕೆನೆಟ್ ಅವೆನ್ಯೂ ಸುಮಾರು 15 ಮೀಟರ್ ಅಗಲ, 2.5 ಕಿಲೋಮೀಟರ್ ಉದ್ದ, ಕಲ್ಲುಗಳೂ ಆಳೆತ್ತರ ಮೀರಿದವು. ಈಗ ನಿಂತಿರುವ ಎಷ್ಟೋ ಕಲ್ಲುಗಳನ್ನು 1930ರ ದಶಕದಲ್ಲಿ ಪುರಾತತ್ವಜ್ಞ ಅಲೆಕ್ಸಾಂಡರ್ ಕೀಲರ್ ಮಣ್ಣಿನಿಂದ ತೆಗೆಸಿ ಮತ್ತೆ ನಿಲ್ಲಿಸಿದ್ದು. ಯಾರ್ಕ್‌ಶೈರ್‌ನ ಡೆವಿಲ್ಸ್ ಆರೋಸ್‌ನಲ್ಲಿ ಉಳಿದಿರುವುದು ಮೂರೇ ಕಲ್ಲು, ಅದರಲ್ಲಿ ಒಂದು ಆರೂವರೆ ಮೀಟರಿಗಿಂತ ಎತ್ತರ! ಎಕ್ಸ್‌ಮೂರ್‌ಗೆ ಹೋದರೆ ಹುಲ್ಲು ಸರಿಸಿ ಕಲ್ಲು ಹುಡುಕಬೇಕು. ಎಲ್ಲಕ್ಕೂ ಕಲ್ಲುಸಾಲು ಅಂತ ಒಂದೇ ಹೆಸರು ಇಟ್ಟುಬಿಟ್ಟಿದ್ದಾರೆ, ಗೊಂದಲ ಅಲ್ಲೇ ಶುರು.

ಮಂಜುಗಾವಲು:
ಉತ್ತರದ್ದನ್ನು ಬಿಟ್ಟಿರಲ್ಲ. ಸ್ಕಾಟ್ಲೆಂಡಿನ ಕೇತ್‌ನೆಸ್‌ನ ಹಿಲ್ ಓ ಮೆನಿ ಸ್ಟೇನ್ಸ್‌ನಲ್ಲಿ 200ರಷ್ಟು ಗಿಡ್ಡ ಕಲ್ಲು, ಇಪ್ಪತ್ತಕ್ಕೂ ಹೆಚ್ಚು ಸಾಲು, ಬೀಸಣಿಗೆ ಬಿಚ್ಚಿದ ಹಾಗೆ ಇಳಿಜಾರಿನಲ್ಲಿ ಹರಡಿವೆ. ಚಂದ್ರನ ಚಲನೆ ಲೆಕ್ಕ ಹಾಕಲು ಇದನ್ನು ಮಾಡಿದರು ಅಂತ ಇಂಥ ಕಲ್ಲುಗಳನ್ನು ಅಳೆದ ಎಂಜಿನಿಯರ್ ಅಲೆಕ್ಸಾಂಡರ್ ಥಾಮ್ ವಾದಿಸಿದ್ದರು. ನನಗೆ ನಂಬಿಕೆ ಇಲ್ಲ. ಇಷ್ಟು ಕಲ್ಲಿದ್ದರೆ ಯಾವುದಾದರೂ ಗೆರೆ ಯಾವುದಾದರೂ ಗ್ರಹಕ್ಕೆ ಹೊಂದಿಯೇ ಹೊಂದುತ್ತದೆ, ಅಲ್ವಾ?

ಹಳೇಕಲ್ಲು:
ಹಾಗಂತ ಆಕಾಶವನ್ನು ಪೂರ್ತಿ ತಳ್ಳಿಹಾಕಬೇಡಿ. ಸ್ಕಾಟ್ಲೆಂಡಿನದೇ ಕಿಂಟೈರ್‌ನ ಬಲೋಕ್ರಾಯ್‌ನಲ್ಲಿ ಮೂರೇ ಕಲ್ಲು, ಅವು ಸೂರ್ಯ ಮುಳುಗುವ ಕಡೆಗೆ ಹೊಂದಿಸಿದವು ಅನ್ನುವ ಮಾತಿಗೆ ಸ್ವಲ್ಪ ತೂಕ ಇದೆ. ಡಾರ್ಟ್‌ಮೂರ್‌ನಲ್ಲಿ ಮಾತ್ರ ನಾನು ನೆಲ ನೋಡುತ್ತೇನೆ. ಎಷ್ಟೋ ಸಾಲುಗಳ ತುದಿಯಲ್ಲಿ ಸಮಾಧಿ ಗುಪ್ಪೆ ಇದೆ. ಮೆರಿವೇಲ್‌ನಲ್ಲಿ ಪೂರ್ವದ ತುದಿಗೆ ಅಡ್ಡಗಲ್ಲು ಇಟ್ಟಿದ್ದಾರೆ, ನೋಡಿದ್ರಾ? ನಡೆಯುವ ದಾರಿಯಾಗಿದ್ದರೆ ಬಾಗಿಲು ಮುಚ್ಚಿದಂತೆ ಯಾಕೆ ಇಡಬೇಕು? ಸತ್ತವರು ಮಾತ್ರ ನಡೆಯಲಿ ಅಂತಲೋ ಏನೋ, ಇದು ಸುಮ್ನೆ ನನ್ನ ಊಹೆ.

ದಾರಿಹೋಕ:
ಅಡ್ಡಗಲ್ಲು ನೋಡಿದೆ, ಬಿದ್ದು ಉಳಿದದ್ದು ಅಂದುಕೊಂಡಿದ್ದೆ! ಮುಂದಿನ ಸಲ ಡಾರ್ಟ್‌ಮೂರ್‌ನದೇ ಅಪ್ಪರ್ ಅರ್ಮ್ ಸಾಲಿಗೆ ಹೋಗುವ ಆಸೆ.

ಮಂಜುಗಾವಲು:
ಅದು ಮೂರು ಕಿಲೋಮೀಟರಿಗೂ ಜಾಸ್ತಿ, ನಡುವೆ ಹೊಳೆ ದಾಟಬೇಕು. ಮಳೆ ಬಂದ ಮರುದಿನ ಹೋಗಬೇಡಿ.