ಅಪ್‌ಡೇಟ್: ಚೀಲದ ಸರಕಿಗೆ ಹಡಗಿನ ಕಡೆಯ ಪ್ರತ್ಯೇಕ ಟ್ಯಾಲಿ (ಎಣಿಕೆ) ಬೇಕೇ?

ಹಡಗಿಗೆ ಚೀಲ ತುಂಬುವಾಗ ಸರಕು ಕಳಿಸುವವರ ಎಣಿಕೆಯನ್ನೇ ನಂಬಬಹುದೇ ಎಂದು ಕೇಳಿದ್ದೆ. ಈಗ ಉತ್ತರ ಸ್ಪಷ್ಟ: ನಂಬಬಾರದು. ಕೆಲಸ ನಡೆಯುವ ಪ್ರತಿ ಹ್ಯಾಚ್‌ಗೂ (ಸರಕು ಒಳಗಿಳಿಸುವ ಡೆಕ್ಕಿನ ಬಾಯಿ) ಹಡಗಿನ ಪರವಾಗಿ ಒಬ್ಬ ಟ್ಯಾಲಿ ಕ್ಲರ್ಕ್ ಇರಲೇಬೇಕು.

ಲೆಕ್ಕ ತಪ್ಪುವುದು ಹೆಚ್ಚಾಗಿ ಸ್ಲಿಂಗ್‌ನಲ್ಲಿ, ಅಂದರೆ ಕ್ರೇನ್ ಒಮ್ಮೆಗೆ ಎತ್ತುವ ಚೀಲಗಳ ಕಟ್ಟಿನಲ್ಲಿ. ಒಂದಕ್ಕೆ 40 ಚೀಲವೆಂದು ಹಿಡಿದು ಬರೀ ಸ್ಲಿಂಗ್ ಎಣಿಸುತ್ತಾರೆ. 39 ಇದ್ದರೂ ಗೊತ್ತಾಗದು. 500 ಸ್ಲಿಂಗ್‌ನಲ್ಲಿ ಒಂದೊಂದು ಕಡಿಮೆಯಾದರೆ, 50 ಕೆಜಿ ಚೀಲದಲ್ಲಿ 25 ಟನ್ ಹೋಯಿತು! ನಡುನಡುವೆ ಯಾವುದೋ ಒಂದು ಸ್ಲಿಂಗ್ ಇಳಿಸಿ ಚೀಲ ಚೀಲವಾಗಿ ಎಣಿಸಿ. ಹರಿದ ಚೀಲಗಳನ್ನು ಬೇರೆಯಾಗಿ ಬರೆಯಿರಿ. ಪಾಳಿ ಮುಗಿದ ಕೂಡಲೇ ಎರಡೂ ಕಡೆಯ ಹಾಳೆ ತಾಳೆ ನೋಡಿ ಸಹಿ ಮಾಡಿಸಿ. ನಾಳೆಗೆ ಬಿಟ್ಟರೆ ಆ ಚೀಲಗಳ ಮೇಲೆ ಬೇರೆ ಚೀಲ ಬಿದ್ದಿರುತ್ತವೆ.

ತಾಳೆಯಾಗದಿದ್ದರೆ ಎರಡೂ ಸಂಖ್ಯೆಗಳು ಮೇಟ್ಸ್ ರಸೀದಿಗೆ (ಸರಕು ಬಂತೆಂದು ಹಡಗಿನ ಅಧಿಕಾರಿ ಕೊಡುವ ಚೀಟಿ) ಹೋಗಬೇಕು, ಅಲ್ಲಿಂದ ಬಿಲ್ ಆಫ್ ಲೇಡಿಂಗ್‌ಗೆ (ಸರಕು ಸಾಗಣೆಯ ಮುಖ್ಯ ದಾಖಲೆ). ಸಮುದ್ರ ಸಾಗಣೆಯ ಅಂತರರಾಷ್ಟ್ರೀಯ ಹೇಗ್-ವಿಸ್ಬಿ ನಿಯಮಗಳ ಪ್ರಕಾರ ಆ ಬಿಲ್ ಅದನ್ನು ಸದ್ಭಾವನೆಯಿಂದ ಪಡೆದ ಮೂರನೆಯವರ ಕೈ ಸೇರಿದ ಮೇಲೆ, ಅದರಲ್ಲಿರುವ ಸಂಖ್ಯೆ ತಪ್ಪೆಂದು ಹಡಗಿನವರು ವಾದಿಸಲಾಗದು.

ಡ್ರಾಫ್ಟ್ ಸರ್ವೆ (ಹಡಗು ನೀರಲ್ಲಿ ಎಷ್ಟು ಮುಳುಗಿದೆ ಎಂದು ನೋಡಿ ಸರಕಿನ ತೂಕ ಲೆಕ್ಕ ಹಾಕುವುದು) ಸಾಲದೇ ಎಂದವರಿಗೆ: ಚೆನ್ನಾಗಿ ಮಾಡಿದರೂ ಅದರಲ್ಲಿ ಶೇ. 0.5ರಷ್ಟು ಹೆಚ್ಚುಕಡಿಮೆ ಸಹಜ. 10,000 ಟನ್‌ಗೆ ಅದು 50 ಟನ್, ಅಂದರೆ 1,000 ಚೀಲ. ಸುರಿದು ತುಂಬುವ ಸರಕಿಗೆ ಸರಿ, ಚೀಲಕ್ಕಲ್ಲ.