ಡಿಜಿಟಲ್ ಎಕ್ಸ್-ರೇ: ಚಿತ್ರ ಚೆನ್ನಾಗಿ ಬಂದರೆ ಎಕ್ಸ್‌ಪೋಜರ್ ಸರಿ ಇದೆಯೆಂದೇ?

ಪ್ರಶ್ನೆ (ಪಶುವೈದ್ಯ, ಸ್ವಂತ ಕ್ಲಿನಿಕ್): ಸರ್, ನಾನು ಎಂಟು ವರ್ಷ ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆದವನು. ಎಕ್ಸ್‌ಪೋಜರ್ (ಬೀಳುವ ಕಿರಣದ ಪ್ರಮಾಣ) ಹೆಚ್ಚಾದರೆ ಫಿಲ್ಮ್ ಮಸಿಯಾಗುತ್ತಿತ್ತು, ಕಡಿಮೆಯಾದರೆ ಬಿಳಿಚಿಕೊಳ್ಳುತ್ತಿತ್ತು. ಹೋದ ತಿಂಗಳು ಡಿಆರ್ ಪ್ಯಾನೆಲ್ (ಫಿಲ್ಮ್ ಬದಲು ನೇರವಾಗಿ ಡಿಜಿಟಲ್ ಚಿತ್ರ ಕೊಡುವ ಫಲಕ) ಹಾಕಿಸಿದೆ. ಈಗ ಎಷ್ಟು ಕೊಟ್ಟರೂ ಚಿತ್ರ ಚೆನ್ನಾಗಿಯೇ ಬರುತ್ತದೆ. ಎಕ್ಸ್‌ಪೋಜರ್ ಎಷ್ಟೆಂದು ನಿರ್ಧರಿಸಲು ಇನ್ನೂ ನಾಯಿಯ ಎದೆಯ ದಪ್ಪ ಅಳೆಯಬೇಕೇ? ಇನ್ನೊಂದು ವಿಷಯ: ಕೆಮ್ಮುತ್ತಿದ್ದ ಲ್ಯಾಬ್ರಡಾರ್ ಒಂದರ ಶ್ವಾಸಕೋಶದ ತುಂಬ ಸಣ್ಣ ಚುಕ್ಕೆಗಳು ಕಂಡವು. ಅದು ರೋಗವೋ, ಯಂತ್ರದ ದೋಷವೋ?

ಉತ್ತರ: ಅಳೆಯಲೇಬೇಕು ಡಾಕ್ಟರೇ. ಫಿಲ್ಮ್ ತಪ್ಪನ್ನು ಮುಖಕ್ಕೆ ಹೊಡೆದಂತೆ ಹೇಳುತ್ತಿತ್ತು, ಡಿಜಿಟಲ್ ಮುಚ್ಚಿಡುತ್ತದೆ. ಡಿಟೆಕ್ಟರ್, ಅಂದರೆ ನಿಮ್ಮ ಪ್ಯಾನೆಲ್, ಪ್ರತಿ ಪಿಕ್ಸೆಲ್‌ಗೂ ಒಂದು ಸಂಖ್ಯೆ ಬರೆದುಕೊಳ್ಳುತ್ತದೆ ಅಷ್ಟೇ; ಯಾವ ಸಂಖ್ಯೆಗೆ ಎಷ್ಟು ಕಪ್ಪು ಎಂದು ಆಮೇಲೆ ತೀರ್ಮಾನಿಸುವುದು ತಂತ್ರಾಂಶ. ಹೀಗಾಗಿ ಕಿರಣ ಎರಡು ಪಟ್ಟು ಬಿದ್ದರೂ ಪರದೆಯ ಮೇಲೆ ಹೆಚ್ಚುಕಡಿಮೆ ಅದೇ ಚಿತ್ರ. ಕಡಿಮೆ ಬಿದ್ದಾಗ ಮಾತ್ರ ಮರಳು ಎರಚಿದಂತೆ ಕಾಣುತ್ತದೆ. ಆ ಮರಳಿಗೆ ಹೆದರಿ ಸಿಬ್ಬಂದಿ ದಿನದಿಂದ ದಿನಕ್ಕೆ ಎಂಎಎಸ್ (ಟ್ಯೂಬಿನ ವಿದ್ಯುತ್ ಪ್ರವಾಹ ಮತ್ತು ಸಮಯದ ಗುಣಲಬ್ಧ) ಏರಿಸುತ್ತ ಹೋಗುತ್ತಾರೆ, ಯಾರಿಗೂ ತಿಳಿಯುವುದಿಲ್ಲ. ಹೆಚ್ಚುವರಿ ಕಿರಣ ತಗಲುವುದು ನಾಯಿಗಷ್ಟೇ ಅಲ್ಲ, ಅದನ್ನು ಹಿಡಿದುಕೊಂಡವರಿಗೂ.

ಚಿತ್ರದ ಹೊಳಪನ್ನು ನಂಬಬೇಡಿ, ಮೂಲೆಯಲ್ಲಿರುವ ಡಿಐ (ಡೀವಿಯೇಷನ್ ಇಂಡೆಕ್ಸ್, ಎಕ್ಸ್‌ಪೋಜರ್ ಗುರಿಯಿಂದ ಎಷ್ಟು ದೂರ ಸರಿದಿದೆ ಎನ್ನುವ) ಸಂಖ್ಯೆಯನ್ನು ನೋಡಿ. ಸೊನ್ನೆ ಎಂದರೆ ಗುರಿ ತಲುಪಿದೆ. +3 ಎಂದರೆ ಬೇಕಾದುದರ ಎರಡು ಪಟ್ಟು, -3 ಎಂದರೆ ಅರ್ಧ. ಗುರಿಯನ್ನೇ ತಪ್ಪಾಗಿ ಹೊಂದಿಸಿದ್ದರೆ ಈ ಸಂಖ್ಯೆಯೂ ಸುಳ್ಳಾಡುತ್ತದೆ, ಯಂತ್ರ ಹಾಕಿದವರನ್ನು ಒಮ್ಮೆ ಕೇಳಿಬಿಡಿ.

ಇನ್ನು ಲ್ಯಾಬ್ರಡಾರ್. ಅದೇ ಚುಕ್ಕೆಗಳು ಭುಜದ ಸ್ನಾಯು, ಯಕೃತ್ತಿನ ಮೇಲೂ ಇವೆಯೇ ನೋಡಿ. ಇದ್ದರೆ ಅದು ಕಿರಣದ ಕೊರತೆ. ಶ್ವಾಸಕೋಶದ ರೋಗ ಭುಜಕ್ಕೆ ಹಬ್ಬುವುದಿಲ್ಲವಲ್ಲ! ಮತ್ತೆ ತೆಗೆಯುವಾಗ ಎಂಎಎಸ್ ದ್ವಿಗುಣಗೊಳಿಸುವ ಬದಲು ಕೆವಿಯನ್ನು (ಟ್ಯೂಬಿನ ವೋಲ್ಟೇಜ್) ಶೇ 15ರಷ್ಟು ಏರಿಸಿ. ಡಿಟೆಕ್ಟರ್‌ಗೆ ಸಿಗುವ ಕಿರಣ ಸುಮಾರು ಅಷ್ಟೇ ಹೆಚ್ಚುತ್ತದೆ, ಸಮಯ ಬೆಳೆಯುವುದಿಲ್ಲ. ಏದುಸಿರು ಬಿಡುವ ನಾಯಿಯಲ್ಲಿ ಸಮಯ ಹೆಚ್ಚಿದರೆ ಚಿತ್ರ ಕದಡುತ್ತದೆ, ಅದನ್ನು ಯಾವ ತಂತ್ರಾಂಶವೂ ಸರಿಮಾಡದು. ಎದೆ 10 ಸೆಂಟಿಮೀಟರ್‌ಗಿಂತ ದಪ್ಪವಿದ್ದರೆ ಗ್ರಿಡ್ (ಸೀಸದ ಸಣ್ಣ ಪಟ್ಟಿಗಳ ಜಾಲರಿ) ಬಳಸಿ, ಚದುರಿದ ಕಿರಣ ತಡೆಯುತ್ತದೆ. ಗ್ರಿಡ್ ಹಾಕಿದ ಮೇಲೆ ಎಕ್ಸ್‌ಪೋಜರ್ ಹೆಚ್ಚು ಬೇಕಾಗುತ್ತದೆ ಎಂಬುದು ನೆನಪಿರಲಿ.

ಮರುಪ್ರಶ್ನೆ (ಅದೇ ವೈದ್ಯ): ಭುಜದ ಮೇಲೂ ಚುಕ್ಕೆಗಳಿವೆ ಸರ್! ಡಿಐ -4 ಇದೆ. ಪರದೆಯ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಲೇ?

ಉತ್ತರ: ಬೇಡ. ನಿಮ್ಮ ಪ್ಯಾನೆಲ್ 12 ಬಿಟ್‌ನದಾದರೂ 4,096 ಬೂದು ಛಾಯೆಗಳನ್ನು ಹಿಡಿದಿರುತ್ತದೆ. ಮಾಮೂಲು ಜೆಪೆಗ್‌ನಲ್ಲಿ ಉಳಿಯುವುದು 256. ಪರದೆಯ ಫೋಟೊ ತೆಗೆದರೆ ಗೆರೆಗಳು ಬೇರೆ ಬೀಳುತ್ತವೆ. ಮೂಲ ಡೈಕಾಮ್ (ವೈದ್ಯಕೀಯ ಚಿತ್ರಗಳ ಪ್ರಮಾಣಿತ ರೂಪ) ಕಡತವನ್ನೇ ಡಾಕ್ಯುಮೆಂಟ್ ಆಗಿ ಕಳುಹಿಸಿ, ಹೊಳಪನ್ನು ನಾನೇ ಹೊಂದಿಸಿಕೊಳ್ಳುತ್ತೇನೆ. ಆದರೆ ಮೊದಲು ಮತ್ತೊಮ್ಮೆ ತೆಗೆಯಿರಿ.

ಇನ್ನೊಬ್ಬರ ಪ್ರಶ್ನೆ (ನಾಯಿಯ ಮಾಲೀಕರು): ನಮ್ಮ ವೈದ್ಯರು ಎರಡೂ ಮಗ್ಗುಲಿಗೆ ಮಲಗಿಸಿ ಒಂದೊಂದು, ಬೋರಲು ಹಾಕಿ ಇನ್ನೊಂದು ಎಂದು ಮೂರು ಎಕ್ಸ್-ರೇ ತೆಗೆದರು. ಹಣಕ್ಕಾಗಿಯೇ?

ಉತ್ತರ: ಅಲ್ಲ ಅಮ್ಮಾ. ನಾಯಿಯನ್ನು ಎಡಮಗ್ಗುಲಿಗೆ ಮಲಗಿಸಿದಾಗ ಎಡ ಶ್ವಾಸಕೋಶ ಕುಗ್ಗುತ್ತದೆ, ಅದರೊಳಗಿನ ಗಂಟು ಕಾಣದೆ ಹೋಗಬಹುದು. ಬಲಮಗ್ಗುಲಿಗೆ ತಿರುಗಿಸಿದಾಗ ಅದೇ ಗಂಟು ಎದ್ದು ಕಾಣುತ್ತದೆ. ಒಂದೇ ಚಿತ್ರ ತೆಗೆದು ಕಳುಹಿಸಿದ್ದರೆ ನೀವು ಕೇಳಬೇಕಿತ್ತು.